ಶಬ್ದ, ಮಿದುಳುಕಾಂಡ ಮತ್ತು ಕಾಂತಮಾಪನ

ಪ್ರಾರ್ಥನೆಯ ಗಂಟೆ ಮೊಳಗಿದೊಡನೆ ಮಠದ ಅಂಗಳದಲ್ಲಿ ಆಡುತ್ತಿರುವ ಹುಡುಗನು ತಲೆಯೆತ್ತಿ ನೋಡುತ್ತಾನೆ. ನಾದವು ಅವನ ಕಿವಿಯನ್ನು ಮುಟ್ಟಿದುದಕ್ಕೂ ಅವನು ತಲೆಯೆತ್ತಿದುದಕ್ಕೂ ನಡುವೆ ಸೆಕೆಂಡಿನ ಒಂದು ಸಣ್ಣ ಅಂಶವಷ್ಟೇ ಕಳೆದಿರುತ್ತದೆ. ಆ ಅಲ್ಪಾವಧಿಯಲ್ಲಿಯೂ ಮೊದಲ ಹತ್ತು ಮಿಲಿಸೆಕೆಂಡುಗಳು, ಎಂದರೆ ಸೆಕೆಂಡಿನ ನೂರನೆಯ ಒಂದು ಭಾಗ, ವಿಶೇಷವಾದುವು. "ಇದು ಗಂಟೆ" ಎಂಬ ಅರಿವು ಮೂಡುವ ಮುನ್ನವೇ ಮಿದುಳಿನ ಬುಡದಲ್ಲಿ ಆಗ ಬಹಳಷ್ಟು ಕೆಲಸ ಮುಗಿದುಹೋಗಿರುತ್ತದೆ. ತಲೆಬುರುಡೆಯ ಹೊರಗೆ ನಿಂತು ಈ ಕೆಲಸವನ್ನು ಅಳೆಯುವುದು ಸಾಧ್ಯವೇ, ಅಳೆದುದು ನಮಗೆ ಏನನ್ನು ತಿಳಿಸುತ್ತದೆ ಎಂಬುದು ಈ ಲೇಖನದ ವಿಷಯ.

ಈ ವಿಷಯದಲ್ಲಿ ನನಗೆ ಆಸಕ್ತಿ ಹುಟ್ಟಿದುದು ಪುಸ್ತಕದಿಂದಲ್ಲ. ಹಲವು ವರ್ಷಗಳ ಹಿಂದೆ ನನ್ನ ತರಗತಿಯಲ್ಲಿ ಒಬ್ಬ ಹುಡುಗನಿದ್ದನು. ಹೆಸರು ಹಿಡಿದು ಕೂಗಿದರೆ ಓಗೊಡುತ್ತಿದ್ದನು. ಆದುದರಿಂದ ಅವನ ಕಿವಿಯ ಬಗ್ಗೆ ಯಾರಿಗೂ ಸಂದೇಹ ಬರಲಿಲ್ಲ. ಆದರೆ ಉಕ್ತಲೇಖನದಲ್ಲಿ ಸಕಾರ, ಶಕಾರಗಳನ್ನು ಬಿಟ್ಟುಬಿಡುತ್ತಿದ್ದನು, ಇಲ್ಲವೇ ಅವುಗಳ ಜಾಗದಲ್ಲಿ ಬೇರೊಂದು ಅಕ್ಷರವನ್ನು ಬರೆಯುತ್ತಿದ್ದನು. ಅಲಕ್ಷ್ಯವೆಂದು ಬಗೆದು ನಾನು ಅವನನ್ನು ಎಷ್ಟೋ ಸಲ ಬೆಂಚಿನ ಮೇಲೆ ನಿಲ್ಲಿಸಿದೆ. ಕೊನೆಗೊಮ್ಮೆ ಪರೀಕ್ಷೆಯಾದಾಗ ಅವನಿಗೆ ತಗ್ಗಿನ ಸ್ವರಗಳು ಚೆನ್ನಾಗಿ ಕೇಳಿಸುತ್ತವೆಂದೂ ಎತ್ತರದ ಸ್ವರಗಳು ಕೇಳಿಸುವುದೇ ಇಲ್ಲವೆಂದೂ ತಿಳಿಯಿತು. ಸಕಾರ ಶಕಾರಗಳ ಧ್ವನಿಶಕ್ತಿಯೆಲ್ಲ ಇರುವುದು ಆ ಎತ್ತರದ ಕಂಪನಗಳಲ್ಲಿಯೇ. ಕೇಳುವಿಕೆಯೆಂಬುದು ಹೊರಗಿನಿಂದ ನೋಡಿ ನಿರ್ಧರಿಸಬಹುದಾದ ಸಂಗತಿಯಲ್ಲ ಎಂಬುದನ್ನು ನಾನು ತಡವಾಗಿ ಕಲಿತೆ.

ಮೊದಲು ಶಬ್ದವು ಸಾಗುವ ದಾರಿಯನ್ನು ಪರಿಶೀಲಿಸೋಣ. ಕಿವಿದಮರಿಯನ್ನು ನಡುಗಿಸಿದ ಶಬ್ದವು ಮೂರು ಕಿರುಮೂಳೆಗಳ ಮೂಲಕ ಒಳಗಿವಿಯ ಶಂಖಕ್ಕೆ ತಲುಪುತ್ತದೆ. ಸುಮಾರು ಎರಡೂವರೆ ಸುತ್ತು ಸುರುಳಿಗೊಂಡಿರುವ ಈ ನಾಳವನ್ನು ಬಿಡಿಸಿ ಚಾಚಿದರೆ ಅದರ ಉದ್ದ ಸುಮಾರು 35 ಮಿಲಿಮೀಟರ್ ಮಾತ್ರ. ಅದರೊಳಗಿನ ಸುಮಾರು 3,500 ಒಳಸಾಲಿನ ರೋಮಕೋಶಗಳು ಕಂಪನವನ್ನು ವಿದ್ಯುತ್ ಸಂಜ್ಞೆಯನ್ನಾಗಿ ಮಾರ್ಪಡಿಸುತ್ತವೆ. ಸುಮಾರು 30,000 ಎಳೆಗಳಿರುವ ಶ್ರವಣನರವು ಆ ಸಂಜ್ಞೆಯನ್ನು ಹೊತ್ತು ಮಿದುಳುಕಾಂಡವನ್ನು ಪ್ರವೇಶಿಸುತ್ತದೆ. ಬೆನ್ನುಹುರಿಯ ಮೇಲ್ತುದಿಯಲ್ಲಿ, ಹೆಮ್ಮಿದುಳಿನ ಅಡಿಯಲ್ಲಿ, ಹೆಬ್ಬೆರಳಿನ ಗಾತ್ರದಷ್ಟೇ ಇರುವ ಭಾಗವೇ ಮಿದುಳುಕಾಂಡ. ಉಸಿರಾಟ, ಹೃದಯದ ಬಡಿತ, ನಿದ್ರೆ, ಎಚ್ಚರ ಎಲ್ಲಕ್ಕೂ ಅದರ ಆಡಳಿತ ಬೇಕು.

ಇಲ್ಲಿ ಶಬ್ದಕ್ಕೆ ಹಲವು ಠಾಣೆಗಳಿವೆ. ಮೊದಲನೆಯದು ಶಂಖದ ನರವು ಬಂದು ಸೇರುವ ಕೋಶಕೇಂದ್ರ. ಅದರಾಚೆಯದು ಎರಡು ಕಿವಿಗಳ ಸಂಜ್ಞೆಗಳೂ ಮೊದಲ ಬಾರಿಗೆ ಸಂಧಿಸುವ ಆಲಿವ್ ಎಂಬ ಕೇಂದ್ರ. ಬಲಗಡೆಯಿಂದ ಬಂದ ಶಬ್ದವು ಎಡಗಿವಿಯನ್ನು ಮುಟ್ಟಲು ತುಸು ತಡವಾಗುತ್ತದೆ. ಆ ತಡ ಹೆಚ್ಚೆಂದರೆ ಸೆಕೆಂಡಿನ ಹತ್ತು ಸಾವಿರದಲ್ಲಿ ಆರೇಳು ಭಾಗ. ಅಷ್ಟು ಸಣ್ಣ ವ್ಯತ್ಯಾಸವನ್ನು ಈ ಠಾಣೆಯು ಎಣಿಸಬಲ್ಲದು. ಕತ್ತಲಲ್ಲಿ ಕರೆದವರು ಯಾವ ಕಡೆಯಿಂದ ಕರೆದರೆಂದು ನಾವು ತಿಳಿಯುವುದು ಇದರ ಬಲದಿಂದ. ಅಲ್ಲಿಂದ ಮೇಲಕ್ಕೆ ಸಾಗಿದ ನರಮಾರ್ಗವು ಮಧ್ಯಮಿದುಳಿನ ಹಿಂಬದಿಯಲ್ಲಿರುವ ಕೆಳಗುಡ್ಡೆಯನ್ನೂ, ಥಲಾಮಸ್ಸಿನಲ್ಲಿರುವ ಒಂದು ಠಾಣೆಯನ್ನೂ ಹಾದು ಕೊನೆಗೆ ಹೆಮ್ಮಿದುಳಿನ ತೊಗಟೆಯಲ್ಲಿರುವ ಶ್ರವಣಪ್ರದೇಶವನ್ನು ಮುಟ್ಟುತ್ತದೆ.

ಈ ಪಯಣದ ಗುರುತನ್ನು ನೆತ್ತಿಯ ಮೇಲೆ ಮೊದಲು ಹಿಡಿದುದು ವಿದ್ಯುತ್ತಿನ ಮೂಲಕ. ಮಿದುಳಿನ ವಿದ್ಯುತ್ತನ್ನು ತಲೆಯ ಹೊರಗಿನಿಂದ ದಾಖಲಿಸಬಹುದೆಂದು ಜರ್ಮನಿಯ ಹ್ಯಾನ್ಸ್ ಬರ್ಗರ್ 1929ರಲ್ಲಿ ಪ್ರಕಟಿಸಿದ್ದನು. ಆದರೆ ಮಿದುಳುಕಾಂಡದ ಸಂಜ್ಞೆಯು ಅವನು ಕಂಡ ಅಲೆಗಳಿಗಿಂತ ಬಹಳ ಸಣ್ಣದು. ವೋಲ್ಟಿನ ಹತ್ತು ಲಕ್ಷದಲ್ಲಿ ಅರ್ಧ ಭಾಗದಷ್ಟಿದ್ದರೆ ಅದೇ ಹೆಚ್ಚು. ಕೈದೀಪದ ಒಂದು ಸೆಲ್ಲಿನ ಒಂದೂವರೆ ವೋಲ್ಟಿಗೆ ಹೋಲಿಸಿದರೆ ಮೂವತ್ತು ಲಕ್ಷದಲ್ಲಿ ಒಂದು ಪಾಲು! 1967ರಲ್ಲಿ ಇಸ್ರೇಲಿನ ಸೋಮರ್ ಮತ್ತು ಫೈನ್‌ಮೆಸ್ಸರ್, 1970 ಮತ್ತು 71ರಲ್ಲಿ ಅಮೆರಿಕದ ಡಾನ್ ಜ್ಯೂವೆಟ್ ಮತ್ತು ಸಂಗಡಿಗರು ಇದನ್ನು ಹಿಡಿಯುವ ಬಗೆಯನ್ನು ತೋರಿಸಿದರು. ಕಿವಿಗೆ 'ಟಿಕ್' ಎಂಬ ಕಿರುಸದ್ದನ್ನು ಸಾವಿರಾರು ಬಾರಿ ಕೇಳಿಸಿ, ಪ್ರತಿ ಸದ್ದಿನ ಬಳಿಕದ ಹತ್ತು ಮಿಲಿಸೆಕೆಂಡುಗಳ ದಾಖಲೆಗಳನ್ನು ಒಂದರ ಮೇಲೊಂದು ಕೂಡಿಸಿ ಸರಾಸರಿ ತೆಗೆಯುವುದೇ ಆ ಉಪಾಯ. ಮಿಕ್ಕ ಗದ್ದಲವು ಒಮ್ಮೆ ಮೇಲಕ್ಕೆ, ಒಮ್ಮೆ ಕೆಳಕ್ಕೆ ಇರುವುದರಿಂದ ಕ್ರಮೇಣ ಅಳಿದುಹೋಗುತ್ತದೆ. ಪ್ರತಿಸಲವೂ ಅದೇ ಹೊತ್ತಿಗೆ ಬರುವ ಸಂಜ್ಞೆ ಮಾತ್ರ ಉಳಿಯುತ್ತದೆ. ಹೀಗೆ ಉಳಿದ ರೇಖೆಯಲ್ಲಿ ಏಳು ಪುಟ್ಟ ಅಲೆಗಳಿವೆ. ಮೊದಲನೆಯದು ಸುಮಾರು ಒಂದೂವರೆ ಮಿಲಿಸೆಕೆಂಡಿಗೆ ಶ್ರವಣನರದಿಂದ ಏಳುತ್ತದೆ. ಎಲ್ಲಕ್ಕಿಂತ ಸ್ಪಷ್ಟವಾದ ಐದನೆಯ ಅಲೆಯು ವಯಸ್ಕರಲ್ಲಿ ಐದೂವರೆಯಿಂದ ಆರು ಮಿಲಿಸೆಕೆಂಡುಗಳ ಹೊತ್ತಿಗೆ, ನರಮಾರ್ಗವು ಕೆಳಗುಡ್ಡೆಯನ್ನು ಸೇರುವ ಎಡೆಯಿಂದ ಬರುತ್ತದೆ.

ಈ ಪರೀಕ್ಷೆಯ ಬೆಲೆ ಏನೆಂಬುದನ್ನು ಹೆತ್ತವರು ಬಲ್ಲರು. ಹುಟ್ಟುವ ಸಾವಿರ ಮಕ್ಕಳಲ್ಲಿ ಒಂದರಿಂದ ಮೂರು ಮಕ್ಕಳಿಗೆ ಗಮನಾರ್ಹವಾದ ಶ್ರವಣದೋಷ ಇರುತ್ತದೆ. ಹಸುಗೂಸನ್ನು "ನಿನಗೆ ಕೇಳಿಸಿತೇ?" ಎಂದು ಕೇಳುವಂತಿಲ್ಲ. ಆದರೆ ಮಲಗಿ ನಿದ್ರಿಸುತ್ತಿರುವ ಕೂಸಿನ ಹಣೆಗೂ ಕಿವಿಯ ಹಿಂಬದಿಗೂ ಮೂರು ನಾಲ್ಕು ತಂತಿಗಳನ್ನು ಅಂಟಿಸಿ, ಐದನೆಯ ಅಲೆ ಎಷ್ಟು ಮೆಲ್ಲನೆಯ ಸದ್ದಿನವರೆಗೆ ಕಾಣಿಸುತ್ತದೆಂದು ನೋಡಬಹುದು. ಮೊದಲ ತಿಂಗಳಲ್ಲಿ ಶೋಧನೆ, ಮೂರನೆಯ ತಿಂಗಳೊಳಗೆ ನಿರ್ಣಯ, ಆರನೆಯ ತಿಂಗಳೊಳಗೆ ಚಿಕಿತ್ಸೆಯ ಆರಂಭ ಎಂಬುದು ವೈದ್ಯರು ಒಪ್ಪಿರುವ ಗಡುವು. ಮಾತು ಕಲಿಯುವ ಕಾಲ ಕಳೆದುಹೋದರೆ ಅದನ್ನು ಮರಳಿ ತರುವುದು ಬಲುಕಷ್ಟ. ನಮ್ಮ ನಾಡಿನಲ್ಲಿ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯು 1960ರ ದಶಕದಿಂದಲೂ ಈ ಕ್ಷೇತ್ರದಲ್ಲಿ ಸೇವೆ ಸಲ್ಲಿಸುತ್ತ ಬಂದಿದೆ.

ಇಷ್ಟೆಲ್ಲ ತಿಳಿಸುವ ವಿದ್ಯುನ್ಮಾಪನಕ್ಕೆ ಒಂದು ದೊಡ್ಡ ಕೊರತೆಯಿದೆ. ಅದು 'ಯಾವಾಗ' ಎಂಬುದನ್ನು ನಿಖರವಾಗಿ ಹೇಳುತ್ತದೆ. 'ಎಲ್ಲಿ' ಎಂಬುದನ್ನು ಹೇಳಲು ತಡವರಿಸುತ್ತದೆ. ತಲೆಬುರುಡೆಯು ವಿದ್ಯುತ್ತಿಗೆ ಕೆಟ್ಟ ವಾಹಕ. ಒಳಗಿನ ಪ್ರವಾಹವು ಸುತ್ತಲಿನ ದ್ರವದಲ್ಲೂ ಮಾಂಸದಲ್ಲೂ ಹರಡಿ, ಬುರುಡೆಯ ಅಡಿಯಲ್ಲಿ ಹಬ್ಬಿ, ನೆತ್ತಿಗೆ ಬರುವಷ್ಟರಲ್ಲಿ ಒದ್ದೆ ಕಾಗದದ ಮೇಲೆ ಬಿದ್ದ ಮಸಿಯಂತೆ ಕಲಸಿಹೋಗಿರುತ್ತದೆ. ಅಲೆಗಳ ಮೂಲಸ್ಥಾನಗಳ ಬಗೆಗಿನ ನಮ್ಮ ಜ್ಞಾನದ ಬಹುಭಾಗವು ಪ್ರಾಣಿಗಳ ಮೇಲಿನ ಪ್ರಯೋಗಗಳಿಂದಲೂ, ರೋಗದಿಂದ ಒಂದೊಂದು ಭಾಗ ಕೆಟ್ಟವರ ಪರೀಕ್ಷೆಗಳಿಂದಲೂ, ಶಸ್ತ್ರಕ್ರಿಯೆಯ ವೇಳೆ ದೊರೆತ ಅಲ್ಪ ಅವಕಾಶಗಳಿಂದಲೂ ಬಂದುದು.

ವಿದ್ಯುತ್ತು ಹರಿಯುವಲ್ಲಿ ಕಾಂತಕ್ಷೇತ್ರ ಹುಟ್ಟುತ್ತದೆ ಎಂಬುದನ್ನು 1820ರಲ್ಲಿ ಡೆನ್ಮಾರ್ಕಿನ ಓರ್ಸ್ಟೆಡ್ ಕಂಡುಹಿಡಿದುದನ್ನು ಎಂಟನೆಯ, ಹತ್ತನೆಯ ತರಗತಿಯ ವಿದ್ಯಾರ್ಥಿಗಳೆಲ್ಲ ಓದಿರುತ್ತಾರೆ. ನರಕೋಶಗಳಲ್ಲಿ ಹರಿಯುವ ಪ್ರವಾಹಕ್ಕೂ ಈ ನಿಯಮವೇ ಅನ್ವಯಿಸುತ್ತದೆ. ಮೂಳೆಯು ಕಾಂತಕ್ಷೇತ್ರಕ್ಕೆ ಅಡ್ಡಿಯಾಗದು. ಗಾಜಿಗೆ ಬೆಳಕು ಹೇಗೋ ಹಾಗೆ. ಆದುದರಿಂದ ಆ ಕ್ಷೇತ್ರವನ್ನು ತಲೆಯ ಸುತ್ತ ಹಲವು ಕಡೆಗಳಲ್ಲಿ ಅಳೆದರೆ ಪ್ರವಾಹವಿರುವ ಸ್ಥಳವನ್ನು ಹೆಚ್ಚು ನೇರವಾಗಿ ಊಹಿಸಬಹುದು. ತತ್ತ್ವವೇನೋ ಸರಳ. ತೊಡಕೆಲ್ಲ ಅಳತೆಯಲ್ಲಿದೆ.

ಕಾಂತಕ್ಷೇತ್ರದ ಮಾನ ಟೆಸ್ಲಾ. ದಿಕ್ಸೂಚಿಯ ಮುಳ್ಳನ್ನು ತಿರುಗಿಸುವ ಭೂಮಿಯ ಕ್ಷೇತ್ರವು ನಮ್ಮ ಕಡೆ ಟೆಸ್ಲಾದ ಹತ್ತು ಲಕ್ಷದಲ್ಲಿ ಸುಮಾರು 40 ಭಾಗ. ಟೆಸ್ಲಾವನ್ನು ಹತ್ತರಿಂದ ಹದಿನೈದು ಬಾರಿ ಭಾಗಿಸಿದರೆ ಬರುವುದು ಫೆಮ್ಟೊಟೆಸ್ಲಾ. ಶಬ್ದವನ್ನು ಕೇಳಿದಾಗ ಹೆಮ್ಮಿದುಳಿನ ತೊಗಟೆಯಿಂದ ಬರುವ ಕ್ಷೇತ್ರವು ನೂರು ಅಥವಾ ಕೆಲವು ನೂರು ಫೆಮ್ಟೊಟೆಸ್ಲಾ. ಮಿದುಳುಕಾಂಡದ್ದು ಹತ್ತರ ಆಸುಪಾಸು, ಅನೇಕ ವೇಳೆ ಅದಕ್ಕೂ ಕಡಿಮೆ. ಹತ್ತೆಂದೇ ಇಟ್ಟುಕೊಂಡರೂ ಅದು ಭೂಮಿಯ ಕ್ಷೇತ್ರದ ನಾನೂರು ಕೋಟಿಯಲ್ಲಿ ಒಂದು ಪಾಲು. ಪಕ್ಕದ ಬೀದಿಯಲ್ಲಿ ಒಂದು ಮೋಟಾರು ಹಾದುಹೋದರೆ, ಗೋಡೆಯ ತಂತಿಯಲ್ಲಿ ವಿದ್ಯುತ್ತು ಹರಿದರೆ, ಅಷ್ಟೇಕೆ, ಆ ವ್ಯಕ್ತಿಯ ಹೃದಯವೇ ಬಡಿದರೆ ಏಳುವ ಕ್ಷೇತ್ರಗಳು ಇದನ್ನು ಪೂರ್ತಿಯಾಗಿ ಮುಳುಗಿಸಿಬಿಡುತ್ತವೆ.

ಮಿದುಳುಕಾಂಡದ ಕ್ಷೇತ್ರ ಇಷ್ಟು ಕ್ಷೀಣವಾಗಿರಲು ಅದು ಆಳದಲ್ಲಿರುವುದೊಂದೇ ಕಾರಣವಲ್ಲ. ಇನ್ನೊಂದು ಕಾರಣ ಬಹಳ ಸ್ವಾರಸ್ಯವಾದುದು. ತುಸು ನಿಧಾನವಾಗಿ ಯೋಚಿಸಬೇಕು. ತಲೆಯನ್ನು ಉಪ್ಪುನೀರು ತುಂಬಿದ ಒಂದು ಗೋಳವೆಂದು ಭಾವಿಸೋಣ. ಅದರೊಳಗೆ ಎಲ್ಲಿಯೋ ಒಂದು ಕಿರುಪ್ರವಾಹ ಹರಿಯುತ್ತದೆ. ಆ ಪ್ರವಾಹವು ಸುತ್ತಲಿನ ನೀರಿನ ಮೂಲಕ ಹಿಂದಿರುಗಲೇಬೇಕು. ಹೊರಗೆ ಕಾಣುವ ಕ್ಷೇತ್ರವು ಇವೆರಡರ ಒಟ್ಟು ಫಲ. ಪ್ರವಾಹವು ಗೋಳದ ಮೇಲ್ಮೈಗೆ ಸಮಾಂತರವಾಗಿದ್ದರೆ ಹೊರಗೆ ಕ್ಷೇತ್ರವಿರುತ್ತದೆ. ಅದು ಚಕ್ರದ ಅರಗಳಂತೆ ಕೇಂದ್ರದಿಂದ ಹೊರಮುಖವಾಗಿದ್ದರೆ, ಅದರ ಕ್ಷೇತ್ರವನ್ನು ಹಿಂದಿರುಗುವ ಪ್ರವಾಹದ ಕ್ಷೇತ್ರವು ಸರಿಯಾಗಿ ಅಳಿಸಿಹಾಕುತ್ತದೆ, ಹೊರಗೆ ಶೂನ್ಯ. ಈಗ ಪ್ರವಾಹವು ಗೋಳದ ಕೇಂದ್ರದಲ್ಲಿಯೇ ಇದೆಯೆನ್ನಿ. ಅದು ಯಾವ ದಿಕ್ಕಿಗೆ ಮುಖ ಮಾಡಿದರೂ ಒಂದಲ್ಲ ಒಂದು ಅರದ ದಿಕ್ಕೇ ಆಗುತ್ತದೆ! ಎಂದರೆ ಕೇಂದ್ರದಲ್ಲಿರುವುದು ಕಾಂತಮಾಪಕಕ್ಕೆ ಪೂರ್ತಿ ಅಗೋಚರ. ಮಿದುಳುಕಾಂಡವು ತಲೆಯ ನಡುಭಾಗಕ್ಕೆ ಸಮೀಪದಲ್ಲಿದೆ. ತಲೆಯು ಪರಿಪೂರ್ಣ ಗೋಳವಲ್ಲ, ಕಾಂಡವು ನಟ್ಟನಡುವೆಯೂ ಇಲ್ಲ. ಈ ಎರಡು ಅಪೂರ್ಣತೆಗಳಿಂದಾಗಿ ಅಷ್ಟಿಷ್ಟು ಕ್ಷೇತ್ರ ಹೊರಗೆ ಸೋರುತ್ತದೆ. ಸಂಶೋಧಕರು ಬೆನ್ನಟ್ಟುವುದು ಆ ಸೋರಿಕೆಯನ್ನೇ.

ಇಂಥ ಸೂಕ್ಷ್ಮವನ್ನು ಅಳೆಯುವ ಉಪಕರಣ ಬಂದುದು ಅತಿಶೀತದ ಭೌತವಿಜ್ಞಾನದಿಂದ. ಕೆಲವು ಲೋಹಗಳು ಅತಿ ತಣ್ಣಗಾದಾಗ ವಿದ್ಯುತ್ತಿಗೆ ಯಾವ ತಡೆಯನ್ನೂ ಒಡ್ಡುವುದಿಲ್ಲವೆಂದು 1911ರಲ್ಲಿಯೇ ತಿಳಿದಿತ್ತು. ಅಂಥ ಎರಡು ಅತಿವಾಹಕಗಳ ನಡುವೆ ಅತಿ ತೆಳುವಾದ ನಿರೋಧಕ ಪೊರೆಯಿದ್ದರೂ ಪ್ರವಾಹವು ಅದನ್ನು ಹಾಯ್ದು ಹೋಗಬಲ್ಲದೆಂದು 1962ರಲ್ಲಿ ಬ್ರಯಾನ್ ಜೋಸೆಫ್‌ಸನ್ ಎಂಬ ತರುಣ ಸಂಶೋಧಕನು ಗಣಿತದಿಂದ ತೋರಿಸಿದನು. 1973ರಲ್ಲಿ ಅವನಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಈ ತತ್ತ್ವದಿಂದ ತಯಾರಾದ ಉಂಗುರವೇ 'ಸ್ಕ್ವಿಡ್'. ದ್ರವ ಹೀಲಿಯಮ್ಮಿನಲ್ಲಿ, ಶೂನ್ಯಕ್ಕಿಂತ 269 ಡಿಗ್ರಿ ಸೆಲ್ಸಿಯಸ್ ಕೆಳಗೆ, ಮುಳುಗಿರುವ ಈ ಉಂಗುರವು ಅದರೊಳಗೆ ಹಾಯುವ ಕಾಂತಕ್ಷೇತ್ರದ ಅತ್ಯಲ್ಪ ಬದಲಾವಣೆಯನ್ನೂ ವೋಲ್ಟೇಜಾಗಿ ಪರಿವರ್ತಿಸುತ್ತದೆ. ಅಮೆರಿಕದ ಡೇವಿಡ್ ಕೋಹೆನ್ ಮಿದುಳಿನ ಕಾಂತಕ್ಷೇತ್ರವನ್ನು 1968ರಲ್ಲಿ ತಾಮ್ರದ ತಂತಿಯ ಸುರುಳಿಯಿಂದಲೇ ಹಿಡಿದಿದ್ದನು. 1972ರಲ್ಲಿ ಸ್ಕ್ವಿಡ್ಡನ್ನು ಬಳಸಿದಾಗ ಆ ಅಲೆಗಳು ಸ್ಪಷ್ಟವಾಗಿ ಕಂಡವು. ಮುಂದೆ ಬಂದ ಯಂತ್ರಗಳಲ್ಲಿ ಶಿರಸ್ತ್ರಾಣದ ಆಕಾರದ ಪಾತ್ರೆಯೊಳಗೆ ಇಂಥ ಮುನ್ನೂರರಷ್ಟು ಗ್ರಾಹಕಗಳಿರುತ್ತವೆ. ಇಡೀ ಯಂತ್ರವು ನಿಕಲ್ ಮತ್ತು ಕಬ್ಬಿಣದ ವಿಶೇಷ ಮಿಶ್ರಲೋಹದಿಂದಲೂ ಅಲ್ಯೂಮಿನಿಯಮ್ಮಿನಿಂದಲೂ ಕಟ್ಟಿದ ಕೊಠಡಿಯೊಳಗೆ, ಹೊರಗಿನ ಕ್ಷೇತ್ರಗಳಿಂದ ಮರೆಯಾಗಿ ಇರುತ್ತದೆ. ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿಯೂ ಇಂಥದೊಂದು ಇದೆ. ಮೂರ್ಛೆರೋಗದ ಮೂಲಸ್ಥಾನವನ್ನು ಗುರುತಿಸುವುದರಲ್ಲಿ ಅದರ ಉಪಯೋಗ ಹೆಚ್ಚು.

ಶಬ್ದವನ್ನು ಕೇಳಿಸುವುದರಲ್ಲಿಯೂ ಒಂದು ಪೇಚಿದೆ. ಕಿವಿಗೆ ಹಾಕುವ ಸಾಮಾನ್ಯ ಶ್ರವಣಯಂತ್ರದೊಳಗೆ ಅಯಸ್ಕಾಂತ ಮತ್ತು ಸುರುಳಿ ಇರುತ್ತವೆ. ಅದನ್ನು ತಲೆಯ ಬಳಿ ತಂದರೆ ಅದರ ಕ್ಷೇತ್ರದ ಮುಂದೆ ಮಿದುಳಿನ ಮಾತು ಕೇಳಿಸೀತೇ? ಆದುದರಿಂದ ಸದ್ದನ್ನು ದೂರದಲ್ಲಿ ಹುಟ್ಟಿಸಿ ಪ್ಲಾಸ್ಟಿಕ್ ಕೊಳವೆಯ ಮೂಲಕ ಕಿವಿಗೆ ಒಯ್ಯುತ್ತಾರೆ. ಗಾಳಿಯಲ್ಲಿ ಶಬ್ದದ ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಕೊಳವೆಯ ಉದ್ದ ಎರಡು ಮೀಟರ್ ಇದ್ದರೆ ಸದ್ದು ಕಿವಿಗೆ ಬರಲು ಸುಮಾರು ಆರು ಮಿಲಿಸೆಕೆಂಡು ಬೇಕು. ಐದನೆಯ ಅಲೆಯ ಒಟ್ಟು ಕಾಲವೂ ಅಷ್ಟೇ ಎಂಬುದನ್ನು ನೆನೆದರೆ ಈ ಲೆಕ್ಕವನ್ನು ಕಳೆಯದೆ ಬಿಟ್ಟವನ ಗತಿ ಏನೆಂದು ಊಹಿಸಬಹುದು.

ಇನ್ನು ಗದ್ದಲದ ಲೆಕ್ಕ. ನೂರು ದಾಖಲೆಗಳ ಸರಾಸರಿಯಲ್ಲಿ ಗದ್ದಲವು ನೂರನೆಯ ಒಂದು ಪಾಲಿಗೆ ಇಳಿಯುವುದಿಲ್ಲ. ನೂರರ ವರ್ಗಮೂಲ ಹತ್ತಾದುದರಿಂದ ಹತ್ತನೆಯ ಒಂದು ಪಾಲಿಗೆ ಮಾತ್ರ ಇಳಿಯುತ್ತದೆ. ಮಿದುಳುಕಾಂಡದ ವೇಗದ ಅಲೆಗಳನ್ನು ಹಿಡಿಯಲು ಸಾವಿರ ಹರ್ಟ್ಸ್‌ಗಳಷ್ಟು ಅಗಲದ ಕಂಪನಪಟ್ಟಿ ಬೇಕು. ಅಷ್ಟು ಅಗಲದಲ್ಲಿ ಒಂದು ಉತ್ತಮ ಗ್ರಾಹಕದ ಸ್ವಂತ ಗದ್ದಲವೇ ಸುಮಾರು ನೂರು ಫೆಮ್ಟೊಟೆಸ್ಲಾ. ಐದು ಫೆಮ್ಟೊಟೆಸ್ಲಾದ ಸಂಜ್ಞೆಯು ಅದರೊಳಗೆ ಎಲ್ಲಿದೆಯೆಂದು ಹುಡುಕುವುದು? ಹತ್ತು ಸಾವಿರ ಬಾರಿ 'ಟಿಕ್' ಎನಿಸಿ ಸರಾಸರಿ ತೆಗೆದರೆ ಗದ್ದಲವು ಒಂದಕ್ಕೆ ಇಳಿದು ಸಂಜ್ಞೆಯು ತಲೆಯೆತ್ತುತ್ತದೆ. ಸೆಕೆಂಡಿಗೆ ಹತ್ತರಂತೆ ಸದ್ದು ಮಾಡಿದರೆ ಇದಕ್ಕೆ ಸುಮಾರು ಹದಿನೇಳು ನಿಮಿಷ ಬೇಕು. ಅಷ್ಟು ಹೊತ್ತು ತಲೆಯನ್ನು ಅಲುಗಿಸದೆ ಕುಳಿತಿರಬೇಕಾದವರ ತಾಳ್ಮೆಯನ್ನೂ ನಾವು ಸ್ಮರಿಸಬೇಕು.

ಈ ಕಾರ್ಯವನ್ನು ಜರ್ಮನಿಯ ಸಂಶೋಧಕರು 1987ರಲ್ಲಿ ಪ್ರಕಟಿಸಿದರು. 2000ದಲ್ಲಿ ಅಲ್ಲಿಯ ಮ್ಯೂನ್‌ಸ್ಟರ್ ನಗರದವರು 'ಟಿಕ್' ಸದ್ದಿಗೆ ಬಂದ ಕಾಂತಸ್ಪಂದನವನ್ನು ವಿವರಿಸಿದರು. 2009ರಲ್ಲಿ ಫಿನ್ಲೆಂಡಿನ ಲೌರಿ ಪಾರ್ಕೊನೆನ್ ಮತ್ತು ಸಂಗಡಿಗರು ಅರ್ಧ ಗಂಟೆಯ ಮಾಪನದಿಂದ ಒಬ್ಬೊಬ್ಬ ವ್ಯಕ್ತಿಯಲ್ಲಿಯೂ ಕೆಲವು ಅಲೆಗಳ ಸ್ಥಾನವನ್ನು ಗುರುತಿಸಬಹುದೆಂದು ತೋರಿಸಿದರು. ಆ ಸ್ಥಾನಗಳು ಶ್ರವಣನರದಿಂದ ಮಧ್ಯಮಿದುಳಿನ ಕೆಳಗುಡ್ಡೆಯವರೆಗೆ ಹಬ್ಬಿದ್ದವು. ತೊಗಟೆಯ ಮೊದಲ ಪ್ರತಿಕ್ರಿಯೆ 13 ಮಿಲಿಸೆಕೆಂಡಿಗೇ ಕಂಡಿತು. ಕಾಂತರೇಖೆಯ ಆಕಾರವು ವಿದ್ಯುತ್ ರೇಖೆಯಂತಿರಲಿಲ್ಲ. ಎರಡೂ ಒಂದನ್ನೇ ನೋಡುತ್ತಿದ್ದರೂ ಎರಡಕ್ಕೂ ಕಂಡುದು ಬೇರೆ ಬೇರೆ.

ಈ ಭೇದದ ಮಹತ್ತ್ವ ಹೊರಬಿದ್ದುದು ಬೇರೊಂದು ಪ್ರಕರಣದಲ್ಲಿ. ನಾವು 'ದ' ಎಂದು ಉಚ್ಚರಿಸಿದಾಗ ಕೊರಳಿನ ತಂತುಗಳು ಸೆಕೆಂಡಿಗೆ ನೂರರಷ್ಟು ಬಾರಿ ಕಂಪಿಸುತ್ತವೆಯೆಂದರೆ, ಕೇಳುವವನ ನರಮಾರ್ಗದಲ್ಲಿಯೂ ಅದೇ ಲಯದ ಪ್ರತಿಕ್ರಿಯೆ ಏಳುತ್ತದೆ. ಇದನ್ನು ಅನುಸರಣ ಸ್ಪಂದನವೆನ್ನೋಣ. 1970ರ ದಶಕದಿಂದ ಇದನ್ನು ಮನುಷ್ಯರ ನೆತ್ತಿಯ ಮೇಲೆ ದಾಖಲಿಸುತ್ತ ಬಂದವರಲ್ಲಿ ಬಹುಮಂದಿ ಇದು ಮಿದುಳುಕಾಂಡದ್ದೇ ಎಂದು ನಂಬಿದ್ದರು. ತೊಗಟೆಯ ಕೋಶಗಳಿಗೆ ಇಷ್ಟು ವೇಗದ ಲಯವನ್ನು ಅನುಸರಿಸುವ ಶಕ್ತಿಯಿಲ್ಲ ಎಂಬುದು ಅವರ ತರ್ಕ. ಈ ನಂಬಿಕೆಯ ಮೇಲೆ ದೊಡ್ಡ ಮಾತುಗಳು ನಿಂತವು. ಓದಲು ತೊಡಕುಪಡುವ ಮಕ್ಕಳಲ್ಲಿ ಈ ಸ್ಪಂದನ ಮಂದವಾಗಿದ್ದರೆ ಅವರ ಮಿದುಳುಕಾಂಡದಲ್ಲಿಯೇ ಕೊರತೆಯಿದೆಯೆಂದೂ, ಈ ಪರೀಕ್ಷೆಯನ್ನು ಅಂಥ ಕೊರತೆಯ ಕುರುಹಾಗಿ ಬಳಸಬಹುದೆಂದೂ ವಾದಗಳು ಬಂದವು. 2016ರಲ್ಲಿ ಕೆನಡದ ಮಾಂಟ್ರಿಯಲ್ ನಗರದ ಎಮಿಲಿ ಕಾಫಿ, ರಾಬರ್ಟ್ ಜಟೋರೆ ಮತ್ತಿತರರು 98 ಹರ್ಟ್ಸ್ ಮೂಲಕಂಪನದ 'ದ' ಎಂಬ ಅಕ್ಷರವನ್ನು ಕೇಳಿಸಿ ಕಾಂತಮಾಪನ ನಡೆಸಿದರು. ಮಿದುಳುಕಾಂಡದ ಠಾಣೆಗಳೂ ಥಲಾಮಸ್ಸೂ ಅದರಲ್ಲಿ ಕಂಡವು; ಅವುಗಳ ಜೊತೆಗೆ ತೊಗಟೆಯ ಶ್ರವಣಪ್ರದೇಶವೂ, ಅದರಲ್ಲಿಯೂ ಬಲಪಾರ್ಶ್ವದ್ದು, ಬಲವಾಗಿ ಪಾಲುಗೊಂಡಿತ್ತು!

ಹಾಗೆಂದು ಹಿಂದಿನವರೆಲ್ಲ ತಪ್ಪಿದರೆಂದು ತೀರ್ಮಾನಿಸುವುದು ಅವಸರವಾದೀತು. ಮೇಲೆ ಹೇಳಿದ ಗೋಳದ ಲೆಕ್ಕವನ್ನು ನೆನೆಯಿರಿ. ಕಾಂತಮಾಪಕವು ಸಮೀಪದ ತೊಗಟೆಯ ಕಡೆಗೆ ಪಕ್ಷಪಾತಿ. ಆಳದಲ್ಲಿರುವುದನ್ನು ಅದು ಕಡಿಮೆಯಾಗಿ ತೋರಿಸುತ್ತದೆ. 2018ರಲ್ಲಿ ಅಮೆರಿಕದ ಗೇವಿನ್ ಬೈಡಲ್‌ಮನ್ ವಿದ್ಯುನ್ಮಾಪನದಿಂದ ವಿಶ್ಲೇಷಿಸಿದಾಗ ಅಲ್ಲಿ ಮಿದುಳುಕಾಂಡದ ಪಾಲೇ ಮಿಗಿಲಾಗಿತ್ತು. ತೊಗಟೆಯು ಪಾಲುಗೊಳ್ಳುವುದು ಸುಮಾರು 100 ಹರ್ಟ್ಸ್‌ಗಿಂತ ಕೆಳಗಿನ ತಗ್ಗು ಕಂಪನಗಳಲ್ಲಿ ಮಾತ್ರವೆಂದು ಕಂಡಿತು. ಗಂಡಸಿನ ತಗ್ಗು ದನಿಯಲ್ಲಿ ಹೇಳಿದ ಅಕ್ಷರಕ್ಕೂ ಹೆಂಗಸಿನ ದನಿಯಲ್ಲಿ ಹೇಳಿದ ಅದೇ ಅಕ್ಷರಕ್ಕೂ ಬರುವ ಸ್ಪಂದನದ ಮೂಲವು ಬೇರೆಯಾಗಬಹುದೆಂದಾಯಿತು. ನೆತ್ತಿಯ ಮೇಲೆ ನಾವು ಅಳೆದುದು ಒಂದು; ಅದು ಎಲ್ಲಿಂದ ಬಂದಿತೆಂದು ನಾವು ಊಹಿಸಿದುದು ಇನ್ನೊಂದು. ಒಂದು ಮಗುವಿನ ಕಡತದಲ್ಲಿ "ಮಿದುಳುಕಾಂಡದ ದೋಷ" ಎಂದು ಬರೆಯುವವರ ಲೇಖನಿ ಇವೆರಡರ ನಡುವೆ ಒಂದು ಗಳಿಗೆ ತಡೆಯಬೇಕು. ಬೆಂಚಿನ ಮೇಲೆ ನಿಂತಿದ್ದ ಆ ಹುಡುಗನ ಮುಖ ನನಗೆ ನೆನಪಾಗುವುದು ಇಂಥಲ್ಲಿಯೇ.

ಟಿಕ್ ಸದ್ದಿನ ಹಳೆಯ ವಿದ್ಯುತ್ ಪರೀಕ್ಷೆಗೆ ಈ ವಿವಾದದಿಂದ ಬಾಧೆಯಿಲ್ಲ. ಮೊದಲ ಆರೇಳು ಮಿಲಿಸೆಕೆಂಡುಗಳಲ್ಲಿ ಸಂಜ್ಞೆಯು ತೊಗಟೆಯನ್ನು ಇನ್ನೂ ಮುಟ್ಟಿರುವುದೇ ಇಲ್ಲ. ಹಸುಗೂಸುಗಳ ಶ್ರವಣವನ್ನು ಆಸ್ಪತ್ರೆಗಳಲ್ಲಿ ನೋಡುವುದು ಆ ಪರೀಕ್ಷೆಯಿಂದಲೇ. ಅದರ ಯಂತ್ರವನ್ನು ಕೈಚೀಲದಲ್ಲಿ ಒಯ್ಯಬಹುದು. ಕಾಂತಮಾಪನಕ್ಕಾದರೋ ವಿಶೇಷ ಕೊಠಡಿಯೂ ದ್ರವ ಹೀಲಿಯಮ್ಮೂ ಕೋಟಿಗಟ್ಟಲೆ ಹಣವೂ ಬೇಕು. ಮಿದುಳುಕಾಂಡದ ಮಟ್ಟಿಗೆ ಅದು ಸಂಶೋಧನೆಯ ಸಾಧನವಾಗಿಯೇ ಉಳಿದಿದೆ. ರುಬಿಡಿಯಮ್ ಆವಿಯನ್ನೂ ಲೇಸರ್ ಬೆಳಕನ್ನೂ ಬಳಸುವ, ಅತಿಶೀತ ಬೇಡದ ಹೊಸ ಗ್ರಾಹಕಗಳು ಬಂದಿವೆ. ಅವುಗಳನ್ನು ಟೊಪ್ಪಿಗೆಯಂತೆ ತಲೆಗೆ ತೊಡಿಸಿ, ಅಲುಗಾಡುವವರ ಮಿದುಳನ್ನೂ ಅಳೆಯಬಹುದೆಂದು 2018ರಲ್ಲಿ ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್ ಮತ್ತು ಲಂಡನ್ ನಗರಗಳ ವಿಜ್ಞಾನಿಗಳು ತೋರಿಸಿದರು. ಗ್ರಾಹಕವು ತಲೆಗೆ ಎರಡು ಮೂರು ಸೆಂಟಿಮೀಟರು ಹತ್ತಿರ ಬಂದಿತು. ಚರ್ಮದ ಅಡಿಯಲ್ಲೇ ಇರುವ ತೊಗಟೆಗೆ ಈ ಸಾಮೀಪ್ಯ ದೊಡ್ಡ ಲಾಭ. ಏಳೆಂಟು ಸೆಂಟಿಮೀಟರು ಒಳಗೆ ಹುದುಗಿರುವ ಮಿದುಳುಕಾಂಡಕ್ಕೆ ಅಷ್ಟಕ್ಕಷ್ಟೆ.